ವೆಲ್ಡಾ ದೊಡ್ಡಮ್ಮ ಮೊದಲು ಹೇಳಬೇಕಾದ ಮಾತು

ವೆಲ್ಡಾ ದೊಡ್ಡಮ್ಮನಿಗೆ ಯಾವ ಮಾತನ್ನೂ ನೇರವಾಗಿ ಶುರುಮಾಡಲು ಬರುತ್ತಿರಲಿಲ್ಲ. ಒಲೆಯ ಮೇಲೆ ಬೀನ್ಸ್ ಸೀಯುತ್ತಿದೆ ಎಂದು ಹೇಳಬೇಕಾದರೂ, ಆ ಬೀಜ ಕೊಟ್ಟ ಸೋದರತ್ತೆ ಯಾರು, ಅವಳು ಎರಡನೇ ಗಂಡನನ್ನು ಬಿಟ್ಟದ್ದೇಕೆ ಎಂಬಲ್ಲಿಂದ ಹೊರಡುತ್ತಿದ್ದಳು. ಮಾತು ಒಲೆಯವರೆಗೆ ಬರುವಷ್ಟರಲ್ಲಿ ಬೀನ್ಸ್ ಕರಕಲಾಗಿರುತ್ತಿತ್ತು.

ಅವಳು ನನ್ನ ತಾಯಿಯ ಅಕ್ಕ. ಟೆನ್ನೆಸಿ ರಾಜ್ಯದ ಯುನಿಕಾಯ್‌ನಲ್ಲಿ ಮನೆಯ ಪಕ್ಕದ ಜಗಲಿಗೆ ಗಾಜು ಕೂರಿಸಿ, ಎರಡು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು, ಊರಿನ ಹೆಂಗಸರ ಕೂದಲನ್ನು ಕತ್ತರಿಸುತ್ತ, ಸುರುಳಿ ಸುತ್ತುತ್ತ, ತುರುಬು ಕಟ್ಟುತ್ತ ಬದುಕು ಕಳೆದವಳು. ನಮ್ಮ ಬೆಟ್ಟಗಳ ಕಡೆ ಬಂದವರು ಬಂದ ಕೂಡಲೇ ಬಂದ ಕೆಲಸ ಹೇಳುವುದಿಲ್ಲ. ಅಮ್ಮ ಹೇಗಿದ್ದಾರೆ, ಟೊಮ್ಯಾಟೊ ಕೆಂಪಾಯಿತೆ, ನೀನು ಯಾರ ಪೈಕಿ, ಇಷ್ಟಾದರೂ ಕೇಳಿದ ಮೇಲೆಯೇ ಕೆಲಸ. ಹಾಗೆ ಮಾಡದವನು ಒರಟನಿರಬೇಕು, ಇಲ್ಲವೇ ತೆರಿಗೆ ಇಲಾಖೆಯವನು. ಈ ಮರ್ಯಾದೆಯನ್ನು ದೊಡ್ಡಮ್ಮ ಎಷ್ಟು ದೂರ ಒಯ್ದಿದ್ದಳೆಂದರೆ, ಅವಳ ಕುರ್ಚಿಯಲ್ಲಿ ಕುಳಿತವರ ಕೂದಲು ಒಣಗುತ್ತಿತ್ತು, ಕಥೆ ಮಾತ್ರ ಹಸಿಯಾಗಿಯೇ ಇರುತ್ತಿತ್ತು.

ಅವಳು ಮೌನವಾಗಿರುತ್ತಿದ್ದದ್ದು ಒಂದೇ ಹೊತ್ತಿನಲ್ಲಿ. ತುರುಬು ಕಟ್ಟುವಾಗ ಎರಡೂ ಕೈಗಳಲ್ಲಿ ಕೂದಲು, ತುಟಿಗಳ ನಡುವೆ ಸಾಲಾಗಿ ಪಿನ್ನುಗಳು. ಬೆಳಗಿನ ಬೆಳಕು ಗಾಜಿನಿಂದ ಇಳಿದು ಅವಳ ಬೆರಳುಗಳ ಮೇಲೆ ಕೂರುತ್ತಿತ್ತು, ಆ ಬೆರಳುಗಳು ಹಕ್ಕಿ ಗೂಡು ಕಟ್ಟುವ ಹಾಗೆ ಓಡಾಡುತ್ತಿದ್ದವು. ಆ ಮೌನಕ್ಕೋಸ್ಕರವೇ ತುರುಬು ಕಟ್ಟಿಸಿಕೊಳ್ಳುತ್ತೇವೆ ಎಂದು ಕೆಲವು ಹೆಂಗಸರು ನಗುತ್ತಿದ್ದರು.

ಕೆಲಸದ ಮೇಲಂಗಿಯ ಒಳಗೆ, ಸೊಂಟದಲ್ಲಿ, ಅವಳಿಗೊಂದು ಪುಟ್ಟ ಪಿಸ್ತೂಲು ಇತ್ತು. ಹಾಸಿಗೆ ಹಿಡಿದ ಮುದುಕಿಯರ ತಲೆ ಬಾಚಲು ಕಣಿವೆಗಳ ಕೊನೆಯ ಮನೆಗಳಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಒಬ್ಬಳೇ ಬರುತ್ತಿದ್ದವಳಿಗೆ, ಗಂಡ ಡಾಯ್ಲ್ ಸಾಯುವ ಮೊದಲು ಕೊಡಿಸಿದ್ದು. ಪರವಾನಗಿಯೂ ಇತ್ತು. ಒಂದು ಸಲ ಬೀದಿನಾಯಿಗಳ ಹಿಂಡಿನ ಮುಂದೆ ನೆಲಕ್ಕೆ ಗುಂಡು ಹೊಡೆದದ್ದು ಬಿಟ್ಟರೆ ಅದು ಹೊರಗೆ ಬಂದದ್ದೇ ಇಲ್ಲ. ಆದರೆ ಅದಿಲ್ಲದಿದ್ದರೆ ಕನ್ನಡಕ ಮರೆತು ಹೊರಟ ಹಾಗಾಗುತ್ತದೆ ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ರೊಡೊಡೆಂಡ್ರನ್ ಹೂ ಬಿಡುವ ಜೂನ್ ತಿಂಗಳಲ್ಲಿ, ಬೆಟ್ಟದ ಆಚೆಯ ರಾಜ್ಯವಾದ ಉತ್ತರ ಕ್ಯಾರೊಲೈನಾದಿಂದ ಇಮೋಜೀನಳ ಫೋನ್ ಬಂತು. ಅವಳೂ ದೊಡ್ಡಮ್ಮನೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಇಮೋಜೀನ್ ಮದುವೆಯಾಗಿ ಆಚೆ ಹೋದಳು, ಮಕ್ಕಳನ್ನು ಬೆಳೆಸಿದಳು, ಗಂಡನನ್ನು ಕಳೆದುಕೊಂಡಳು. ಈಗ ಎಪ್ಪತ್ತು ದಾಟಿದ ಮೇಲೆ ಬರ್ಲ್ ಎಂಬ, ಕ್ರಿಸ್‌ಮಸ್ ಮರಗಳನ್ನು ಬೆಳೆಯುವ ವಿಧುರನನ್ನು ಮದುವೆಯಾಗುತ್ತಿದ್ದಳು.

"ಶನಿವಾರ ಮದುವೆ ಕಣೇ. ಬಂದು ತಲೆ ಕಟ್ಟು. ಈ ಸಲ ಸುಡಬೇಡ" ಎಂದಳು.

ಆ ಮಾತಿಗೆ ಹಿನ್ನೆಲೆಯಿತ್ತು. ಇಮೋಜೀನಳ ಮೊದಲ ಮದುವೆಗೆ ತಲೆ ಕಟ್ಟಿದವಳೂ ದೊಡ್ಡಮ್ಮನೇ. ಆಗಿನ್ನೂ ಹದಿಹರೆಯ. ಹೇಳುತ್ತಿದ್ದ ಕಥೆ ರೋಚಕವಾಗಿ, ಸುರುಳಿ ಮಾಡುವ ಬಿಸಿ ಕಬ್ಬಿಣ ಕೂದಲಲ್ಲೇ ಉಳಿದು, ಹಣೆಯ ಮೇಲಿನ ಕೂದಲು ಸುಟ್ಟು ಕೈಗೆ ಬಂತು. ಆ ಮದುವೆಯ ಫೋಟೊದಲ್ಲಿ ಮದುಮಗಳ ಮುಸುಕು ಹುಬ್ಬಿನವರೆಗೆ ಇಳಿದಿದೆ. ಇಮೋಜೀನ್ ಅದನ್ನು ಪ್ರತಿ ಕ್ರಿಸ್‌ಮಸ್‌ಗೂ ನೆನಪಿಸಿ ನಗುತ್ತಿದ್ದಳು. ದೊಡ್ಡಮ್ಮನೂ ನಗುತ್ತಿದ್ದಳು, ಆದರೆ ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಎತ್ತರದ, ಸುರುಳಿ ಸುರುಳಿಯಾದ, ಒಂದು ಎಳೆಯೂ ಅಲುಗದ ತುರುಬೊಂದನ್ನು ಗೆಳತಿಗೆ ಕಟ್ಟಿಕೊಡಬೇಕೆನ್ನುವುದು ಅವಳ ಮನಸ್ಸಿನಲ್ಲಿ ಅಂದಿನಿಂದಲೂ ಇತ್ತು.

ಬೆಟ್ಟದ ಎರಡೂ ಬದಿ ಒಂದೇ ಜನ, ಒಂದೇ ಮಾತು. ಪಿಸ್ತೂಲಿನ ಕಾನೂನೂ ಒಂದೇ ಇರಬೇಕೆಂದು ದೊಡ್ಡಮ್ಮ ತಿಳಿದಿದ್ದಳು. ಹಾರ್ಡ್‌ವೇರ್ ಅಂಗಡಿಯ ಒಡೆಲ್ ಸಿಕ್ಕಿದಾಗ ವಿಷಯ ಬೇರೆಯೇ ಎಂದು ತಿಳಿಯಿತು. ಒಡೆಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಿಸ್ತೂಲು ಪರವಾನಗಿಯ ಪಾಠ ಹೇಳುವವನು. ನಿನ್ನ ಪರವಾನಗಿಯನ್ನು ಅವರು ಒಪ್ಪುತ್ತಾರೆ, ಆದರೆ ಗಡಿ ದಾಟಿದ ಮೇಲೆ ನಡೆಯುವುದು ಅವರ ನಿಯಮ ಎಂದು ಅವನು ವಿವರಿಸಿದ. ನಮ್ಮಲ್ಲಿ ಪೊಲೀಸು ಕೇಳಿದರೆ ತೋರಿಸಿದರೆ ಸಾಕು. ಅಲ್ಲಿ ಪೊಲೀಸಿನವನು ಹತ್ತಿರ ಬಂದರೆ, ಇಲ್ಲವೇ ಮಾತಾಡಿಸಿದರೆ, ಅವನು ಕೇಳುವ ಮೊದಲೇ ಹೇಳಬೇಕು. ಹೊತ್ತವರೇ ಹೇಳಬೇಕು, ಪಕ್ಕದಲ್ಲಿದ್ದವರಲ್ಲ. ಕೈ ಎರಡೂ ಕಾಣುವ ಹಾಗಿರಬೇಕು. ಇನ್ನೊಂದು, ಪಿಸ್ತೂಲು ಮೈಮೇಲಿದ್ದರೆ ಮೈಯೊಳಗೆ ಒಂದು ತೊಟ್ಟು ಮದ್ಯವೂ ಇರಕೂಡದು.

"ಮಲಗೋಕೆ ಮುಂಚೆ ಕುಡಿಯೋ ನನ್ನ ಬ್ಲ್ಯಾಕ್‌ಬೆರಿ ವೈನು?" ಎಂದು ದೊಡ್ಡಮ್ಮ ಕೇಳಿದಳಂತೆ.

"ಅದೂ ಪೂರ್ತಿ ಇಳಿದಿರ್ಬೇಕು ವೆಲ್ಡಕ್ಕ."

ಮದುವೆ ಎಲ್ಲಿ ಎಂದು ಒಡೆಲ್ ಕೇಳಿದ. ಚರ್ಚಿನಲ್ಲಿ, ಅದರ ನೆಲಮಾಳಿಗೆಯಲ್ಲಿ ವಾರದ ದಿನ ಮಕ್ಕಳ ಶಾಲೆ ನಡೆಯುತ್ತದೆ ಎಂದಳು. ಹಾಗಾದರೆ ಅದು ಆ ರಾಜ್ಯದವರ ಲೆಕ್ಕದಲ್ಲಿ ಶಾಲೆಯ ಜಾಗ, ಪಿಸ್ತೂಲನ್ನು ಕಾರಿನೊಳಗೆ ಬೀಗ ಹಾಕಿಟ್ಟೇ ಇಳಿಯಬೇಕು ಎಂದ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಮುಂದಿನ ಸಲ ಹೋಗುವಾಗ ಮತ್ತೆ ಬಂದು ಕೇಳು ಎಂದೂ ಸೇರಿಸಿದ. ಇದನ್ನೆಲ್ಲ ಅವಳು ಮನೆಗೆ ಬಂದು ಹೇಳಿದಾಗ, ಪಿಸ್ತೂಲನ್ನು ಮನೆಯಲ್ಲೇ ಬಿಟ್ಟುಹೋಗಬಹುದಲ್ಲ ಎಂದು ನಾನು ಹೇಳಿದೆ. ಕತ್ತಲಲ್ಲಿ ಆ ಘಾಟಿ ಇಳಿಯುವವಳು ನೀನಲ್ಲ ಎಂದು ದೊಡ್ಡಮ್ಮ ನನ್ನ ಬಾಯಿ ಮುಚ್ಚಿಸಿದಳು. ಕಾರು ಓಡಿಸಲು ನಾನು ಹೋಗುವುದೆಂದು ತೀರ್ಮಾನವಾದ ಮೇಲೂ ಆ ಮಾತನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ.

ಒಡೆಲ್ ಕೊನೆಗೊಂದು ಮಾತು ಹೇಳಿದ್ದ. ವೈನು ಬಿಡೋದು ಸುಲಭ, ಬೀಗ ಹಾಕೋದು ಸುಲಭ. "ಮೊದಲನೇ ಮಾತು ಮೊದಲು ಹೇಳೋದಿದ್ಯಲ್ಲ, ಅದು ನಿನ್ನ ಕೈಲಿ ಆಗುತ್ತಾ? ನೀನು ಅಜ್ಜನ ಕಾಲದಿಂದ ಶುರು ಮಾಡಿ, ಮಧ್ಯದಲ್ಲೆಲ್ಲೋ ಪಿಸ್ತೂಲು ಅಂದ್ರೆ, ರಸ್ತೆ ಬದೀಲಿ ನಿಲ್ಲಿಸ್ಕೋತಾರೆ. ಇಮೋಜೀನ್ ಕೆದರಿದ ತಲೇಲೇ ಮದುವೆ ಆಗ್ಬೇಕಾಗುತ್ತೆ."

ಅದು ನಾಟಿತು. ಒಡೆಲ್ ಹೇಳಿಕೊಟ್ಟ ವಾಕ್ಯ ಇಷ್ಟೇ: ನನಗೆ ಪರವಾನಗಿ ಇದೆ, ಪಿಸ್ತೂಲು ನನ್ನ ಮೈಮೇಲಿದೆ.

ಶನಿವಾರ ಬೆಳಿಗ್ಗೆ ಹೊರಟೆವು. ಮಂಜು ಕಣಿವೆಯಿಂದ ಏಳುತ್ತಿತ್ತು. ವೈನು ಬಿಟ್ಟು ನಿದ್ದೆಗೆಟ್ಟಿದ್ದ ದೊಡ್ಡಮ್ಮ ಎಂದಿಗಿಂತ ಹೆಚ್ಚು ಮಾತಾಡುತ್ತಿದ್ದಳು. ಘಾಟಿ ಹತ್ತುವ ದಾರಿಯುದ್ದಕ್ಕೂ ನಾನು ಪೊಲೀಸು, ಅವಳು ಅವಳೇ. ತಿರುವಿಗೊಂದು ಸಲ ನಾನು ಗಂಟಲು ದಪ್ಪ ಮಾಡಿ ನಮಸ್ಕಾರ ಅಮ್ಮ ಎನ್ನುವುದು, ಅವಳು ಉತ್ತರಿಸುವುದು.

"ನಮಸ್ಕಾರ ಮಗಾ. ತಿಂಡಿ ಆಯ್ತಾ? ನಿನ್ನ ಮೂಗು ನೋಡಿದ್ರೆ ಬಕ್ನರ್ ಮನೆಯೋನ ಥರ ಇದೆ."

"ದೊಡ್ಡಮ್ಮ."

"ಮೂಗಿನ ವಿಷಯ ಬಿಟ್ಟೆ. ತಿಂಡಿ ಆಯ್ತಾ ಅಂತಾದ್ರೂ ಕೇಳ್ಬಾರ್ದೇನೇ? ಅವನೂ ಒಬ್ಬಳು ತಾಯಿ ಹೆತ್ತ ಮಗನೇ ತಾನೆ?"

ಮತ್ತೊಂದು ತಿರುವು, ಮತ್ತೊಂದು ಸಲ. ಒಮ್ಮೆ ವಾಕ್ಯ ಸರಿಯಾಗಿ ಬಂತು, ಆದರೆ ಅದಕ್ಕೆ ಮುಂಚೆ ಹವಾಮಾನ ಬಂದಿತ್ತು. ಇನ್ನೊಮ್ಮೆ ಪರವಾನಗಿಯಿಂದಲೇ ಶುರುವಾಗಿ, ಪರವಾನಗಿಯ ಫೋಟೊ ತೆಗೆದ ಹುಡುಗಿಯ ತಲೆಗೂದಲ ಸ್ಥಿತಿಯ ಕಡೆ ತಿರುಗಿ, ಅಲ್ಲೇ ನಿಂತಿತು. ಘಾಟಿಯ ನೆತ್ತಿಯಲ್ಲಿ ಡಾಂಬರಿನ ಬಣ್ಣ ಬದಲಾಗುತ್ತದೆ. ಅದೇ ಗಡಿ. ಅಲ್ಲಿ ಅವಳು ಒಂದು ಕ್ಷಣ ಸುಮ್ಮನಾಗಿ, ಸೊಂಟ ಮುಟ್ಟಿ ನೋಡಿಕೊಂಡು, ನೆಟ್ಟಗೆ ಕುಳಿತಳು. ಆಚೆ ಇಳಿಜಾರಿನ ತುಂಬ ನಸುಗೆಂಪು ಹೂಗಳು ಮಂಜಿನೊಳಗೇ ಅರಳಿ ನಿಂತಿದ್ದವು.

ದಾರಿಯಲ್ಲಿ ಯಾವ ಪೊಲೀಸೂ ಅಡ್ಡ ಬರಲಿಲ್ಲ. ಬೇಕರ್ಸ್‌ವಿಲ್ ದಾಟಿ ಇಮೋಜೀನಳ ಅಂಗಳದಲ್ಲಿ ಕಾರು ನಿಂತಾಗ ದೊಡ್ಡಮ್ಮ ದೀರ್ಘವಾಗಿ ಉಸಿರು ಬಿಟ್ಟಳು. ಮನೆಯಲ್ಲಿ ಮೊಮ್ಮಕ್ಕಳು ಓಡಾಡುತ್ತಿದ್ದರಿಂದ ಪಿಸ್ತೂಲನ್ನು ಚೀಲದಲ್ಲಿಟ್ಟು ಎಲ್ಲೋ ಬಿಡುವ ಹಾಗಿರಲಿಲ್ಲ. ಇಮೋಜೀನಳ ಕಿವಿಯಲ್ಲಿ ಹೇಳಿ, ಒಪ್ಪಿಗೆ ಪಡೆದು, ಮೇಲಂಗಿಯ ಒಳಗೆ ಸೊಂಟದಲ್ಲೇ ಇರಿಸಿಕೊಂಡಳು.

ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿದೆವು. ಇಮೋಜೀನ್ ತುರುಬು ಬಿಚ್ಚಿದಾಗ ಬಿಳಿಯ ಕೂದಲು ಸೊಂಟದವರೆಗೆ ಇಳಿಯಿತು. ಅಷ್ಟು ಕೂದಲು ಆ ಪುಟ್ಟ ಗಂಟಿನಲ್ಲಿ ಹೇಗೆ ಅಡಗಿತ್ತೋ. ಅದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಬರ್ಲ್ ಕೂಡ ಕಂಡಿಲ್ಲ ಎಂದು ಅವಳು ನಾಚಿ ಹೇಳಿದಳು. ದೊಡ್ಡಮ್ಮ ಅದನ್ನು ಒಂದು ಸಲ ಕೈಯಲ್ಲಿ ತೂಗಿ ನೋಡಿ, ತುಟಿಗಳ ನಡುವೆ ಪಿನ್ನು ತುಂಬಿಕೊಂಡು ಕೆಲಸ ಶುರುಮಾಡಿದಳು. ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು.

ಸುರುಳಿಯ ಮೇಲೆ ಸುರುಳಿ ಏರಿತು. ಹಣೆಯ ಬಳಿ ಬಿಸಿ ಕಬ್ಬಿಣ ಬಂದಾಗ ಇಮೋಜೀನ್ ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ. ಇನ್ನು ಉಳಿದದ್ದು ಎತ್ತರವನ್ನು ಬಿಗಿದು ನಿಲ್ಲಿಸುವ ಕೊನೆಯ ಪಿನ್ನುಗಳು ಮಾತ್ರ. ದೊಡ್ಡಮ್ಮ ಎರಡೂ ಕೈಗಳಲ್ಲಿ ಆ ಬಿಳಿಯ ಗೋಪುರವನ್ನು ಎತ್ತಿ ಹಿಡಿದಿದ್ದಳು.

ಹಿಂಬಾಗಿಲ ಜಾಲರಿ ಕಿರುಗುಟ್ಟಿತು. ಒಳಗೆ ಬಂದವನು ಬರ್ಲ್‌ನ ಮಗ ಟ್ರೆಂಟ್. ಅವನು ಶೆರಿಫನ ಕೈಕೆಳಗಿನ ಪೊಲೀಸು ಎಂದು ಇಮೋಜೀನ್ ಯಾವತ್ತೋ ಹೇಳಿದ್ದಳು, ನಾವಿಬ್ಬರೂ ಮರೆತಿದ್ದೆವು. ಮದುವೆಯವರೆಗೆ ಅವನಿಗೆ ಕೆಲಸವಿತ್ತು. ಎದೆಯ ಮೇಲೆ ನಕ್ಷತ್ರದ ಬಿಲ್ಲೆ, ಕೈಯಲ್ಲಿ ಟೋಪಿ. ಹಂದಿಮಾಂಸದ ಹ್ಯಾಮಿನ ದೊಡ್ಡ ತಟ್ಟೆ ಇಳಿಸಿಹೋಗಲು ತಂದೆಯ ಜೊತೆ ಬಂದಿದ್ದ.

"ನಮಸ್ಕಾರ. ನೀವೇ ಅಲ್ವಾ ಟೆನ್ನೆಸಿಯ ವೆಲ್ಡಮ್ಮ?" ಎಂದು ನಗುತ್ತ ಹತ್ತಿರ ಬಂದ.

ಹತ್ತಿರ ಬರುವುದೂ ಆಯಿತು, ಮಾತಾಡಿಸುವುದೂ ಆಯಿತು. ನಾನು ದೊಡ್ಡಮ್ಮನ ಕಣ್ಣು ನೋಡಿದೆ. ಜೀವಮಾನವಿಡೀ ಮಾತಿಗೆ ತಡವರಿಸದವಳ ಬಾಯಲ್ಲಿ ಈಗ ಪಿನ್ನುಗಳಿದ್ದವು. ಹೇಳಬೇಕೆಂದರೆ ಉಗುಳಬೇಕು, ಕೈ ಕಾಣಿಸಬೇಕೆಂದರೆ ಕೂದಲು ಬಿಡಬೇಕು. ಅವಳ ಬೆರಳುಗಳು ಗೋಪುರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು. ನಾನು ಬಾಯಿ ತೆರೆದೆ. ಹೊತ್ತವರೇ ಹೇಳಬೇಕು ಎಂದಿದ್ದ ಒಡೆಲ್ ನೆನಪಾಗಿ ಮುಚ್ಚಿದೆ.

ಪಿನ್ನುಗಳು ಟಪಟಪನೆ ನೆಲಕ್ಕೆ ಬಿದ್ದವು. ದೊಡ್ಡಮ್ಮ ಎರಡೂ ಕೈ ಮೇಲೆತ್ತಿದಳು.

"ನನಗೆ ಪರವಾನಗಿ ಇದೆ, ಪಿಸ್ತೂಲು ನನ್ನ ಮೈಮೇಲಿದೆ" ಎಂದಳು.

ಅಷ್ಟೇ. ತಿಂಡಿ ಇಲ್ಲ, ಮೂಗಿಲ್ಲ, ಹವಾಮಾನವಿಲ್ಲ. ಬಿಳಿಯ ಗೋಪುರ ಒಂದು ಕ್ಷಣ ಹಾಗೇ ನಿಂತು, ಆಮೇಲೆ ಮೆಲ್ಲಗೆ ಕುಸಿದು, ಇಮೋಜೀನಳ ಹೆಗಲು ದಾಟಿ, ಕುರ್ಚಿಯ ಬೆನ್ನಿನ ಮೇಲೆ ಹರಡಿತು.

ಟ್ರೆಂಟ್ ಟೋಪಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಹೇಳಿದ್ದು ಒಳ್ಳೇದಾಯ್ತಮ್ಮ. ಅದು ಎಲ್ಲಿದೆಯೋ ಅಲ್ಲೇ ಇರ್ಲಿ" ಎಂದ. "ಕೈ ಇಳಿಸಿ. ನಾನು ಹ್ಯಾಮ್ ಎಲ್ಲಿಡ್ಲಿ ಅಂತ ಕೇಳೋಕೆ ಬಂದೆ."

ದೊಡ್ಡಮ್ಮ ಕೈ ಇಳಿಸಿದಳು. ಕೂದಲು ನೋಡಿದಳು. "ಎರಡನೇ ಸಲಾನೂ ಹಾಳು ಮಾಡಿದೆ ಕಣೇ" ಎಂದಳು. ಮದುವೆಯ ಹೊತ್ತು ಹತ್ತಿರವಾಗಿತ್ತು. ಮೊದಲಿನಿಂದ ಕಟ್ಟಲು ಸಮಯವಿರಲಿಲ್ಲ.

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಬರ್ಲ್‌ನನ್ನು ಆಗ ನಾವೆಲ್ಲ ಗಮನಿಸಿದೆವು. ಮದುವೆಗೆ ಮುಂಚೆ ಮದುಮಗಳನ್ನು ನೋಡಬಾರದೆಂದು ಹೊರಗೇ ಉಳಿಯಬೇಕೆಂದಿದ್ದವನು, ಪಿನ್ನುಗಳ ಸದ್ದಿಗೆ ಇಣುಕಿದ್ದ. ಮಾತು ಕಡಿಮೆಯ ಮನುಷ್ಯ. ಕಿಟಕಿಯ ಬೆಳಕೆಲ್ಲ ಆ ಬಿಳಿಯ ಕೂದಲಿನ ಮೇಲೆ ಬಿದ್ದಿತ್ತು.

"ಇಷ್ಟು ಉದ್ದ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದ. ಕಿವಿಯವರೆಗೆ ಕೆಂಪಾಗಿ, ತಟ್ಟೆಯನ್ನು ಮಗನ ಕೈಗಿಟ್ಟು ಹೊರಗೆ ಹೋದ.

ಇಮೋಜೀನ್ ಸ್ವಲ್ಪ ಹೊತ್ತು ಬಾಗಿಲ ಕಡೆಯೇ ನೋಡುತ್ತ ಕುಳಿತಳು. ಆಮೇಲೆ ತಲೆ ಹೊರಳಿಸದೆ ಹೇಳಿದಳು: "ಹೀಗೇ ಬಿಡು ವೆಲ್ಡಾ. ಇಷ್ಟು ವರ್ಷ ಕಟ್ಟಿಕೊಂಡೇ ಇದ್ದೆ."

"ಮದುಮಗ ನೋಡಿಬಿಟ್ನಲ್ಲೇ, ಅಪಶಕುನ ಅಂತಾರೆ."

"ನಮ್ಮ ವಯಸ್ಸಿನವರ ಹತ್ರ ಬರೋಕೆ ಅಪಶಕುನಕ್ಕೂ ಬೇಜಾರು."

ದೊಡ್ಡಮ್ಮನ ಮನಸ್ಸಿನಲ್ಲಿ ಅಷ್ಟು ಕಾಲ ನಿಂತಿದ್ದ ತುರುಬು ಅಷ್ಟು ಸುಲಭಕ್ಕೆ ಇಳಿಯಲಿಲ್ಲ. ಅವಳು ಬಾಚಣಿಗೆ ಹಿಡಿದು ನಿಂತೇ ಇದ್ದಳು. ನಂತರ ಬುಡದಿಂದ ತುದಿಯವರೆಗೆ, ಅವಸರವಿಲ್ಲದೆ, ಬಾಚತೊಡಗಿದಳು. ಕಿವಿಗಳ ಮೇಲಿನ ಎರಡು ಎಳೆಗಳನ್ನು ಮಾತ್ರ ಹೆಣೆದು ಹಿಂದಕ್ಕೆ ತಂದು, ಅಂಗಳದ ರೊಡೊಡೆಂಡ್ರನ್ ಹೂವೊಂದನ್ನು ಸಿಕ್ಕಿಸಿದಳು. ನೆಲದ ಮೇಲಿನ ಪಿನ್ನುಗಳಲ್ಲಿ ಅವಳಿಗೆ ಬೇಕಾದದ್ದು ಒಂದೇ. ಬಾಯಿ ಖಾಲಿಯಿದ್ದರೂ ಅಷ್ಟು ಹೊತ್ತು ಅವಳು ಮಾತಾಡಲಿಲ್ಲ.

ಚರ್ಚಿನ ಅಂಗಳದಲ್ಲಿ ಪಿಸ್ತೂಲನ್ನು ಕಾರಿನ ಮುಂಭಾಗದ ಗೂಡಿನಲ್ಲಿಟ್ಟು ಬೀಗ ಹಾಕಿ, ಕಾರಿಗೂ ಬೀಗ ಹಾಕಿ, ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡಿದಳು. ಸೊಂಟ ಹಗುರವಾಗಿ ನಡೆಯಲು ಬರುತ್ತಿಲ್ಲ ಎಂದು ಗೊಣಗುತ್ತ ಮೆಟ್ಟಿಲು ಹತ್ತಿದಳು. ಆಮೇಲೆ ಬರ್ಲ್‌ನ ಮರಗಳ ಸಾಲಿನ ನಡುವೆ ಊಟ. ಅಲ್ಲಿ ಟ್ರೆಂಟ್ ತಾನೇ ಒಂದು ಲೋಟ ಬ್ಲ್ಯಾಕ್‌ಬೆರಿ ವೈನು ತಂದ. ಘಾಟಿ ಇನ್ನೂ ದಾಟಬೇಕಪ್ಪ ಎಂದು ಅವಳು ಸಿಹಿ ಚಹಾ ಕೇಳಿದಳು. ಅವನು ಅದನ್ನೂ ತಂದು, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡ. ಈಗ ಅವಳು ಕೇಳಬೇಕಾದದ್ದನ್ನೆಲ್ಲ ಕೇಳಿದಳು. ಅವನ ತಾಯಿ ನಿಜವಾಗಿಯೂ ಬಕ್ನರ್ ಮನೆಯವಳೇ ಆಗಿದ್ದಳು. ಮೂಗಿನ ಕಥೆ ಮೂರು ತಲೆಮಾರು ಹಿಂದಕ್ಕೆ ಹೋಯಿತು.

ಬೆಟ್ಟದ ಗಾಳಿ ಸಂಜೆಯ ಹೊತ್ತಿಗೆ ಇಳಿದು ಬಂತು. ಬರ್ಲ್ ಮತ್ತು ಇಮೋಜೀನ್ ಫಿಡಲಿಗೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ಅವಳ ಬಿಳಿಯ ಕೂದಲು ಗಾಳಿಗೆ ಎದ್ದು ಅವನ ತೋಳಿನ ಮೇಲೆ ಬಿದ್ದು ಮತ್ತೆ ಏಳುತ್ತಿತ್ತು. ಊಟದ ಮೇಜುಗಳ ಹೆಂಗಸರು ತಟ್ಟೆ ಬಿಟ್ಟು ನೋಡುತ್ತಿದ್ದರು. ಅವರಲ್ಲೊಬ್ಬಳು ನಮ್ಮ ಕಡೆ ಬಾಗಿ, ಎಷ್ಟು ಚೆನ್ನಾಗಿದೆ, ತಲೆ ಮಾಡಿದ್ದು ಯಾರು ಎಂದು ಕೇಳಿದಳು.

ನಾನು ಕುರ್ಚಿಗೆ ಒರಗಿದೆ. ಸುಟ್ಟ ಹಣೆಗೂದಲು, ಹುಬ್ಬಿನವರೆಗಿನ ಮುಸುಕು, ಒಡೆಲ್, ಘಾಟಿ, ಹ್ಯಾಮ್, ಎಲ್ಲ ಬರಬೇಕಿತ್ತು.

"ನಾನೇ" ಎಂದಳು ದೊಡ್ಡಮ್ಮ.