ಮಾವಿನ ಮರದ ಬಂದಳಿಕೆ

ವಸುಮತಿ ಮೇಡಂ ಅವರ ಸಂಶೋಧನೆ ಸುಳ್ಳೆಂದು ಆದದ್ದು ನನ್ನಿಂದ. ಅವರ ಲೆಕ್ಕ ತಪ್ಪಿರಲಿಲ್ಲ, ಅವರ ಗಾಜಿನ ಪಾತ್ರೆ ಕೊಳೆಯಾಗಿರಲಿಲ್ಲ. ನಾನು ಒಂದು ಮರದ ಎಲೆ ತಂದು ಇನ್ನೊಂದು ಮರದ್ದೆಂದು ಹೇಳಿದೆ. ಒಂದಲ್ಲ, ಎರಡು ವರ್ಷ ಹೇಳಿದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಕುಂದಾಪುರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಮೇಡಂ ಬ್ರಹ್ಮಾವರದವರು, ದೊಡ್ಡ ಊರುಗಳಲ್ಲಿ ಓದಿ, ಹೆಸರು ಮಾಡಿ, ನಮ್ಮ ಕಾಲೇಜಿಗೆ ಬಂದಿದ್ದರು. ಗಿಡಮರಗಳ ಸಾರವನ್ನು ಬೇರ್ಪಡಿಸಿ, ಅದರಲ್ಲಿ ರೋಗಾಣುವನ್ನು ತಡೆಯುವ ಅಂಶ ಯಾವುದೆಂದು ಹುಡುಕುವುದು ಅವರ ಕೆಲಸ. ಎಲೆ ತರುವುದು, ನೆರಳಲ್ಲಿ ಒಣಗಿಸುವುದು, ಪುಡಿ ಮಾಡಿ ಸ್ಪಿರಿಟ್ಟಿನಲ್ಲಿ ನೆನೆಹಾಕುವುದು ನನ್ನದು. ಯಾವ ಗಿಡ, ಯಾವ ಊರು ಎಂದು ನಾನು ಚೀಟಿಯಲ್ಲಿ ಬರೆದದ್ದನ್ನು ಅವರು ಮರುಮಾತಿಲ್ಲದೆ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು.

ಬಂದಳಿಕೆ ಎಂದರೆ ಬೇರೆ ಮರದ ಕೊಂಬೆಗೆ ಬೇರಿಳಿಸಿ, ಅದರ ರಸ ಕುಡಿದು ಬದುಕುವ ಗಿಡ. ನಮ್ಮ ಕಡೆ ಮದ್ದು ಕೊಡುವ ಹಳಬರು ಕಾಸರಕನ ಮರದ ಬಂದಳಿಕೆಯೇ ಆಗಬೇಕೆನ್ನುತ್ತಾರೆ. ಕಾಸರಕ ವಿಷದ ಮರ. ಕೋಟದ ಹತ್ತಿರ ರಸ್ತೆ ಬದಿಯ ಒಂದು ಕಾಸರಕನ ಮರದಿಂದ ನಾನು ತಂದ ಬಂದಳಿಕೆಯಲ್ಲಿ ಮೇಡಂಗೆ ಹೊಸತೊಂದು ಅಂಶ ಸಿಕ್ಕಿತು. ಸಾರದ ಹನಿಯನ್ನು ಬಿಳಿ ಪ್ಲೇಟಿನ ಮೇಲೆ ಹರಿಯಬಿಟ್ಟು ಅಯೋಡಿನ್ ಹೊಗೆಯಲ್ಲಿಟ್ಟರೆ ಮೂರು ಚುಕ್ಕೆ ಮೂಡುತ್ತಿತ್ತು. ಮೂರನೆಯದು ಯಾವ ಪುಸ್ತಕದಲ್ಲೂ ಇಲ್ಲದ್ದು. ಅವರ ಲೇಖನ ವಿದೇಶದ ಪತ್ರಿಕೆಯಲ್ಲಿ ಬಂತು.

ಮುಂದಿನ ಪರೀಕ್ಷೆಗಳಿಗೆ ಹೆಚ್ಚು ಎಲೆ ಬೇಕಾಯಿತು. ಅಷ್ಟರಲ್ಲಿ ರಸ್ತೆ ಅಗಲ ಮಾಡುವಾಗ ಕೋಟದ ಮರ ಹೋಗಿತ್ತು. ನನಗೆ ಗೊತ್ತಿದ್ದ ಇನ್ನೊಂದು, ಬೈಂದೂರು ಹತ್ತಿರದ ನಮ್ಮ ಊರಿನ ನಾಗಬನದಲ್ಲಿತ್ತು. ನಾಗ ಮುನಿದರೆ ಸಂತಾನಕ್ಕೆ ತಟ್ಟುತ್ತದೆಂದು ಬನದಲ್ಲಿ ಯಾರೂ ಕತ್ತಿ ಆಡಿಸುವುದಿಲ್ಲ. ಒಂದು ಕಡ್ಡಿ ಮುರಿಯುವುದಿಲ್ಲ.

"ಶೀನಣ್ಣ, ಹೆದ್ರಿಕೆ ಆದ್ರೆ ಈಗ್ಳೇ ಹೇಳಿ. ಬೇರೆ ಮರ ಹುಡ್ಕುವ" ಎಂದರು ಮೇಡಂ.

"ಹ್ವಾಯ್ ಮೇಡಂ, ಆಸಿಡ್ ಬಾಟ್ಲಿ ಹೊತ್ಕಂಡ್ ತಿರ್ಗುವವ ನಾನ್. ಹಾವಿಗ್ ಹೆದ್ರುದಾ?"

ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ನನಗೂ ಹಿತವೆನಿಸಿತು — ಓದಿದವರ ಸಾಲಿನಲ್ಲಿ ನಿಂತ ಹಾಗೆ.

ಬನದ ಎದುರು, ಎಲೆ ಕೊಯ್ಯುವ ಉದ್ದನೆಯ ದೋಟಿಗೋಲು ಹಿಡಿದು ಬಹಳ ಹೊತ್ತು ನಿಂತಿದ್ದೆ. ಮಗಳು ಆಗ ಏಳು ತಿಂಗಳ ಬಸುರಿ. ಕೈ ಮೇಲೇಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ಒಂದು ಮಾವಿನ ಮರದ ತುಂಬ ಬಂದಳಿಕೆ ಇತ್ತು. ಅದೇ ಎಲೆ, ಅದೇ ಹೂ. ಯಾರೂ ಬೇರೆ ಎನ್ನಲಾರರು. ಚೀಲ ತುಂಬಿಸಿದೆ. ಚೀಟಿಯಲ್ಲಿ ಕಾಸರಕ ಎಂದು ಬರೆದೆ.

ಪ್ಲೇಟಿನ ಮೇಲೆ ಎರಡೇ ಚುಕ್ಕೆ ಮೂಡಿತು. ಮೇಡಂಗಿಂತ ಮೊದಲು ನೋಡಿದವನು ನಾನೇ.

"ಶೀನಣ್ಣ, ಇದ್ ಬನದ್ ಮರದ್ದೇ ಅಲ್ದಾ?"

"ಅದೇ ಮರದ್ದ್ ಮೇಡಂ. ನಾನೇ ಕೊಯ್ದದ್ದ್."

ಮತ್ತೆ ಕೇಳಲಿಲ್ಲ. ಪಾತ್ರೆಗಳನ್ನೆಲ್ಲ ತಾವೇ ತೊಳೆದು ಮೊದಲಿನಿಂದ ಮಾಡಿದರು. ಮತ್ತೂ ಎರಡೇ.

ಇಲ್ಲಿಯವರೆಗಿನದನ್ನು ಹೆದರಿಕೆ ಎನ್ನಬಹುದು. ಆದರೆ ಮುಂದಿನ ವರ್ಷ ಅವರು ಮತ್ತೆ ಎಲೆ ತರಹೇಳಿದಾಗ ಮಗಳ ಹೆರಿಗೆ ಆಗಿತ್ತು, ತಾಯಿ ಮಗು ಸುಖವಾಗಿದ್ದರು. ಆಗ ನನ್ನನ್ನು ತಡೆದದ್ದು ನಾಗನಲ್ಲ. ಈ ಸಲ ಮೂರನೆಯ ಚುಕ್ಕೆ ಬಂದುಬಿಟ್ಟರೆ, ಹೋದ ವರ್ಷ ಯಾಕೆ ಬರಲಿಲ್ಲ ಎಂದು ಕೇಳುತ್ತಾರಲ್ಲ — ಅದು. ಬೇರೆ ಕಡೆ ಕಾಸರಕ ಹುಡುಕಬಹುದಿತ್ತು. ಹುಡುಕಲಿಲ್ಲ. ಬರಬಾರದೆಂದೇ, ತಿಳಿದೂ ತಿಳಿದೂ, ಮತ್ತೆ ಮಾವಿನ ಮರಕ್ಕೆ ಹೋದೆ.

ಬೇರೆ ದೇಶದವರು ಆ ಅಂಶವನ್ನು ಕಳಿಸಿಕೊಡಿ ಎಂದು ಬರೆದರು. ಕಳಿಸಲು ಇರಲಿಲ್ಲ. ಕೊನೆಗೆ ಮೇಡಂ ತಾವೇ ಪತ್ರಿಕೆಗೆ ಬರೆದು ಲೇಖನ ಹಿಂದೆಗೆದುಕೊಂಡರು: ಮೊದಲ ಸಲ ಸಾರದಲ್ಲಿ ಏನೋ ಬೆರೆತಿರಬೇಕು, ತಪ್ಪು ನನ್ನದು ಎಂದು. ಆಮೇಲೆ ಅವರು ಸಂಶೋಧನೆ ಮಾಡಲಿಲ್ಲ. ನಿವೃತ್ತಿಯವರೆಗೆ ಪಾಠ ಮಾಡಿದರು. ನಾನು ಅದೇ ಲ್ಯಾಬಿನಲ್ಲಿ ಅವರಿಗೆ ಸ್ಟೂಲ್ ಒರೆಸಿ ಇಡುತ್ತಿದ್ದೆ. ಹೇಳಬೇಕು ಎಂದುಕೊಳ್ಳುತ್ತಿದ್ದೆ, ಆಮೇಲೆ...

ಈಚೆಗೆ ನಮ್ಮ ಬನದ ಜೀರ್ಣೋದ್ಧಾರವಾಯಿತು. ಪೂಜೆ ಮಾಡಿಸಿ, ಮರಗಳನ್ನೆಲ್ಲ ಕಡಿಸಿ ಕಾಂಕ್ರೀಟ್ ಕಟ್ಟೆ ಕಟ್ಟಿದರು. ಕಾಸರಕದ ಬುಡ ಯಂತ್ರದಲ್ಲಿ ತುಂಡಾಗುವುದನ್ನು ನಿಂತು ನೋಡಿದೆ. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ.

ಮೇಡಂ ಜಗಲಿಯಲ್ಲಿ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಾಂಗಾರೆ ಆ ಮೂರ್ನೇ ಚುಕ್ಕೆ ಇದ್ದಿತ್ತ್" ಎಂದರು.

"ಇದ್ದಿತ್ತ್ ಮೇಡಂ."

"ಇಷ್ಟ್ ವರ್ಷ ನನ್ ಕೈ ಮೇಲೇ ನಂಗ್ ಅನುಮಾನ ಇದ್ದಿತ್ತ್, ಶೀನಣ್ಣ. ನಿಮ್ ಮೇಲ್ ಒಂದ್ ದಿನವೂ ಬರ್ಲಿಲ್ಲೆ."

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡು, ಬೇರೆ ಕಾಸರಕ ಎಲ್ಲಾದರೂ ಇದೆಯೇ ಎಂದು ಕೇಳಿದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿ ನೋಡಬಹುದಂತೆ. ಸಿದ್ದಾಪುರದ ಕಡೆ ಒಂದಿದೆ, ಬಂದಳಿಕೆಯೂ ಇದೆ, ನಾಳೆಯೇ ಕೊಯ್ದು ತರುತ್ತೇನೆ ಎಂದೆ.

"ನೀವ್ ತರುದ್ ಬ್ಯಾಡ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೇ ಬತ್ತೆ. ನೀವ್ ಮರ ತೋರ್ಸಿರೆ ಸಾಕ್."

ಬುಧವಾರ ಅವರು ಬರುತ್ತಾರೆ. ಮರ ತೋರಿಸುತ್ತೇನೆ. ಎಲೆ ಮುಟ್ಟುವುದಿಲ್ಲ.