ಬುಟ್ಟಿಯೊಳಗೆ ಬುಸುಗುಟ್ಟಿದ್ದು

ಬುಟ್ಟಿಯಲ್ಲಿ ಕೋಳಿ ಇದೆ ಎಂದು ಕಂಡಕ್ಟರನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಒಳಗಿದ್ದದ್ದು ಗೂಗಿ, ಅಂದರೆ ಗೂಬೆ. ನಿಜ ಹೇಳಿದ್ದರೆ ಅಪಶಕುನವೆಂದು ಹತ್ತಿಸಿಕೊಳ್ಳುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಬಮ್ಮಿಗಟ್ಟಿಯ ನಮ್ಮ ಹುಲ್ಲುಗಾವಲಿನಲ್ಲಿ, ನೆಲದ ಮೇಲೇ ಗೂಡು ಮಾಡುವ ಈ ಜಾತಿಯ ಗೂಗಿಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದವು. ಕಾಲೇಜು ಕಲಿತವಳು ನಾನು, ಅವುಗಳ ಲೆಕ್ಕವನ್ನು ತಪ್ಪದೆ ಬರೆದಿಡುತ್ತಿದ್ದೆ. ಉಳಿದದ್ದು ಒಂದೇ ಜೋಡಿ. ಹುಲ್ಲು ಕೊಯ್ಯುವಾಗ ಅದರ ಹೆಣ್ಣಿನ ರೆಕ್ಕೆಗೆ ಕುಡಗೋಲು ತಾಗಿತು. ಹುಬ್ಬಳ್ಳಿಯ ದನದ ದವಾಖಾನೆ ಮುಟ್ಟಿಸದಿದ್ದರೆ ಅದು ಉಳಿಯುವಂತಿರಲಿಲ್ಲ.

ಅರ್ಧ ದಾರಿಯಲ್ಲಿ ಬುಟ್ಟಿ ಬುಸ್ಸೆಂದಿತು. ಹೆದರಿದರೆ ಈ ಗೂಗಿ ಥೇಟ್ ಹಾವಿನಂತೆ ಬುಸುಗುಡುತ್ತದೆ.

"ಯವ್ವಾ, ಹಾವು!" ಪಕ್ಕದ ಮುದುಕಿ ಸೀಟಿನ ಮೇಲೆ ಹತ್ತಿ ನಿಂತಳು. ಬಸ್ಸು ನಿಂತಿತು. ಯಾರೋ ಬಡಿಗೆ ಎತ್ತಿದರು.

"ಬಾಯಾರ, ನಿಮ್ಮ ಕೋಳಿ ಬುಸ್ ಅಂತೈತೇನ್ರಿ? ಬುಟ್ಟಿ ಹೊರಗ ಒಗೀರಿ!" ಕಂಡಕ್ಟರ್ ಕೂಗಿದ.

ಬುಟ್ಟಿಗೆ ಮುಚ್ಚಿದ್ದ ಬಟ್ಟೆ ಸರಿಸಿದೆ. ಬಿಳಿಯ ದುಂಡು ಮುಖವೊಂದು ಎಲ್ಲರನ್ನೂ ದಿಟ್ಟಿಸಿತು.

"ಅಯ್ಯ, ಗೂಗಿ!" ಮುದುಕಿ ಕೆಳಗಿಳಿದು ಕೂತಳು. "ಗೂಗಿ ಆದ್ರ ಇರಲಿ ಬಿಡ್ರಿ. ರೈಟ್ ಹೇಳೋ ತಮ್ಮಾ, ಹೋಗೂಣು."

ರೆಕ್ಕೆ ಕೂಡಿತು, ಗೂಗಿ ಹುಲ್ಲಿಗೆ ಮರಳಿತು. ನಮ್ಮ ಕಡೆಯ ಜನ ಗೂಗಿಯ ಮುಖ ನೋಡಿ ನೆಮ್ಮದಿಯ ಉಸಿರು ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.