ಗೋಂದಪ್ಪನ ಕುಲ

ಪತಂಗಗಳ ಮುರಿದ ಕಾಲು, ಮೀಸೆ ಅಂಟಿಸುತ್ತಿದ್ದವನನ್ನು ಸಂಗ್ರಹಾಲಯದವರು ಗೋಂದಪ್ಪ ಎಂದೇ ಕರೆದರು. ಅವನು ಸತ್ತ ಮೇಲೆ ಹೆಂಡತಿ ಬಾಗಿಲಲ್ಲಿ ಧರಣಿ ಕೂತು ಆ ಕೆಲಸ ಗಿಟ್ಟಿಸಿದಳು, ಗೋಂದಮ್ಮ ಎನಿಸಿಕೊಂಡಳು. ಕುರ್ಚಿ ಅವನದೇ, ಕುಂಚವೂ ಅವನದೇ. ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುವುದು ಅವನ ಚಾಳಿಯಾಗಿತ್ತು. 'ಚುಪ್' ಎಂಬ ಆ ಸದ್ದು ಈಗಲೂ ಅವಳ ಬೆನ್ನ ಹಿಂದೆ ಕೇಳುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಒಂದು ಗಂಡು ಪತಂಗ. ಮುಂದಿನ ರೆಕ್ಕೆ ಒಣ ತೊಗಟೆಯ ಬಣ್ಣ, ಹಿಂದಿನದು ಕೆಂಡ. ಕೆಂಡದ ನಡುವೆ ರೆಪ್ಪೆಯಿಲ್ಲದ ಕಪ್ಪು ಕಣ್ಣು. ಬಾಯಿ ಹೆಸರಿಗೂ ಇಲ್ಲ. ಮೀಸೆ ಮಾತ್ರ ಹಕ್ಕಿಯ ಗರಿಯಂತೆ ಎರಡೂ ಬದಿಗೆ ಕವಲೊಡೆದಿತ್ತು. ಪಕ್ಕದ ಕುಲದ ಪತಂಗಕ್ಕೂ ಇದಕ್ಕೂ ಉಳಿದದ್ದೆಲ್ಲ ಒಂದೇ. ಆ ಪಕ್ಕದ್ದರ ಮೀಸೆ ಮಾತ್ರ ಬರೀ ನುಣುಪು ದಾರ. ಈ ಗರಿಯನ್ನು ನಂಬಿ ಸಂಗ್ರಹಾಲಯದ ಹಿಂದಿನ ಕೀಟತಜ್ಞ ಡಾಕ್ಟರು ಇದಕ್ಕೆ ಬೇರೆ ಕುಲವನ್ನೇ ಮಾಡಿ, ಹಿಡಿದು ತಂದ ಗೋಂದಪ್ಪನ ಹೆಸರನ್ನೇ ಇಟ್ಟಿದ್ದರು. ಮಕ್ಕಳಿಲ್ಲದ ಗೋಂದಪ್ಪ ಅಂದು "ನಂಗೂ ಒಂದು ಕುಲ ಆಯ್ತು ಕಣೇ" ಎಂದು ಅತ್ತಿದ್ದ.

ಆ ಡಾಕ್ಟರ ಜಾಗಕ್ಕೆ ಬಂದ ಈಗಿನ ಮೇಡಂ ಆ ಪೆಟ್ಟಿಗೆ ತಂದಿಟ್ಟರು. "ರೆಕ್ಕೆ ಸೊಟ್ಟಗಿದೆ, ಗೋಂದಮ್ಮ. ತೇವದ ಡಬ್ಬೀಲಿಟ್ಟು ಮೆತ್ತಗೆ ಮಾಡಿ. ನರಗಳನ್ನ ನೋಡ್ಬೇಕು."

ತೇವಕ್ಕೆ ಗೋಂದೂ ಬಿಡುತ್ತದೆ. ಮೀಸೆಯ ಬುಡದಲ್ಲಿ ಹೊಳೆಯುವ ಗೋಂದಿನ ಚುಕ್ಕಿಯನ್ನು ಅವಳು ಎಂದೋ ಕಂಡಿದ್ದಳು, ಕಂಡೂ ಕಾಣದಂತೆ ಇದ್ದಳು.

"ಹಾಗೇ ಬಿಟ್ರೆ ಆಗಲ್ವಾ?"

"ಯಾಕೆ, ಯಜಮಾನ್ರು ಬಂದು ಬೈತಾರಾ?"

"ಬರೋದೇನು ಮೇಡಂ, ಹೋಗಿದ್ರೆ ತಾನೇ."

ಇಟ್ಟಳು. ಅಂದೆಲ್ಲ ಚುಪ್, ಚುಪ್. "ಸುಮ್ನಿರ್ರೀ" ಎಂದು ಗದರಿದಳು. ಮರುದಿನ ಮುಚ್ಚಳ ತೆಗೆದರೆ ಎರಡೂ ಗರಿ ಒದ್ದೆ ಮರಳ ಮೇಲೆ ಬಿದ್ದಿದ್ದವು. ತಲೆಯ ಮೇಲೆ ಮುರಿದ ದಾರದ ಮೋಟುಗಳು. ಗೋಂದಿನಲ್ಲಿ ಸಿಕ್ಕಿಕೊಂಡ ಗೋಂದಪ್ಪನ ನರೆತ ಗಡ್ಡದ ಒಂದು ಕೂದಲು. ಮುರುಕು ಮೀಸೆಗಳ ಡಬ್ಬಿಯಿಂದ ಬೇರೆ ಪತಂಗದ ಗರಿಯನ್ನು ಅವನು ತಪ್ಪಿ ಎತ್ತಿಕೊಂಡನೋ, ಬೇಕೆಂದೇ ಮಾಡಿದನೋ? ಕೇಳಿದರೆ ಹಿಂದಿನಿಂದ ಉತ್ತರ ಬಂದೀತೆಂದು ಕೇಳಲಿಲ್ಲ.

ಮತ್ತೆ ಅಂಟಿಸಲು ಒಂದು ಹನಿ ಗೋಂದು ಸಾಕಿತ್ತು. ಕುಂಚಕ್ಕೆ ಚಾಚಿದ ಕೈಯನ್ನು ಹಿಂದೆಗೆದುಕೊಂಡು ಮೇಡಂ ಅವರನ್ನು ಕೂಗಿದಳು.

ಮೇಡಂ ಬಹಳ ಹೊತ್ತು ಮಸೂರದಲ್ಲಿ ನೋಡಿದರು. "ಅವ್ರ ಕುಲ ಅಳಿಸಿಹೋಗುತ್ತೆ. ಗೊತ್ತಲ್ವಾ?"

"ಮಣ್ಣಿಗೆ ಹೋದೋರಿಗೆ ಕುಲ ಎಂಥದ್ದು ಬಿಡಿ."

ಗರಿಗಳನ್ನು ಬೇರೆ ರಟ್ಟಿಗೆ ಅಂಟಿಸಿಡಲು ಮೇಡಂ ಹೇಳಿದರು. ಗೋಂದಮ್ಮ ಕುಂಚ ಎತ್ತಿಕೊಂಡಳು.

ಚುಪ್.

ಈ ಸಲ ಮೇಡಂ ಅವರೇ ತಿರುಗಿ ನೋಡಿದರು. ಗೋಂದಮ್ಮನ ಬಾಯಿ ಮುಚ್ಚಿಯೇ ಇತ್ತು.